ಒಳ್ಳೆ ಕಣ್ಣಿಗೆ ಕಟ್ಟಿದ ಬಟ್ಟೆ

ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದಲ್ಲಿ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವವರೊಬ್ಬರಿದ್ದರು. ಹೊಸ ಸಂಶೋಧನೆ ಏನೇ ಓದಿದರೂ ತಮ್ಮ ಕನ್ನಡಕವನ್ನು ಹಣೆಗೇರಿಸಿ, "ನಿನ್ನೆ ತನಕ ನಂಗೂ ಗೊತ್ತಿರ್ಲಿಲ್ಲ ನೋಡ್ರಿ" ಎನ್ನುವರು.

ತುರುವನೂರಿನಿಂದ ಕರೆದೊಯ್ದ ನನ್ನ ಪುಟ್ಟ ಮಗಳ ಎಡಗಣ್ಣು ನೋಡಿದಾಗಲೂ ಅದನ್ನೇ ಅಂದು ಮುಂದುವರಿಸಿದರು. "ಈ ಕಣ್ಣು ಸೋಮಾರಿಯಾಗೈತೆ. ದಿನಾ ಸ್ವಲ್ಪ ಹೊತ್ತು ಒಳ್ಳೆ ಕಣ್ಣಿಗೆ ಬಟ್ಟೆ ಕಟ್ರಿ. ಚಿಕ್ಕ ವಯಸ್ನಾಗೇ ಕಟ್ಟಿದ್ರೆ ದೃಷ್ಟಿ ಬರ್ತೈತಂತೆ."

"ಇರೋ ಒಂದ್ನೂ ಮುಚ್ಚು ಅಂತೀಯಲ್ಲಪ್ಪ!" ಎಂದು ಜೊತೆಗೆ ಬಂದಿದ್ದ ನಮ್ಮವ್ವ ಮಗುವನ್ನೆತ್ತಿಕೊಂಡು ಹೊರಟೇಬಿಟ್ಟಳು. ಕುರಿ ಸಾಕಿದವಳು, ಬಾಗಿಲಲ್ಲಿ ತಟ್ಟನೆ ನಿಂತಳು. "ಗಟ್ಟಿಮರಿ ಕಟ್ಟಾಕಿ ಬಡಕಲು ಮರಿಗೆ ಹಾಲು ಬಿಡ್ತೀವಲ್ಲ, ಹಂಗೇನು?"

ಅವರ ಕನ್ನಡಕ ಹಣೆಗೇರಿತು. "ನಿನ್ನೆ ತನಕ ನಂಗೂ ಗೊತ್ತಿರ್ಲಿಲ್ಲ ಕಣವ್ವ!"

ಅಂದಿನಿಂದ ಬಂದವರಿಗೆಲ್ಲ ಕುರಿಮರಿಯ ಮಾತನ್ನೇ ಹೇಳುತ್ತಿದ್ದರು. ನಾವೂ ದಿನಾ ತಪ್ಪದೆ ಬಟ್ಟೆ ಕಟ್ಟಿದೆವು. ಈಗ ಮಗಳು ಬಲಗಣ್ಣು ಮುಚ್ಚಿಕೊಂಡೇ ಸೂಜಿಗೆ ದಾರ ಪೋಣಿಸುವುದನ್ನು ಕಂಡಾಗಲೆಲ್ಲ ಅವರಿಗೆ ಕೈ ಮುಗಿಯುತ್ತೇನೆ.