ಉಮಾ ಮಿಸ್ ಅವರ ಗಂಟೆಯ ಲೆಕ್ಕ

ನಿಟ್ಟುವಳ್ಳಿಯ ನಮ್ಮ ಹೈಸ್ಕೂಲಿನಲ್ಲಿ ಎರಡು ಲೆಕ್ಕಗಳಿವೆ. ಹತ್ತನೆಯ ತರಗತಿ ಮುಗಿಸಿದ ಮಕ್ಕಳಲ್ಲಿ ಎಷ್ಟು ಜನ ಮುಂದೆ ಓದುತ್ತಿದ್ದಾರೆ ಎಂದು ಇಲಾಖೆ ಕೇಳುತ್ತದೆ. ಅದು ಕಂಪ್ಯೂಟರಿನ ಲೆಕ್ಕ, ಗಣಿತದ ಮೇಷ್ಟ್ರಾದ ನನ್ನ ಪಾಲಿಗೆ ಬಂದ ಕರ್ಮ. ಇನ್ನೊಂದು, ಕನ್ನಡ ಕಲಿಸುವ ಉಮಾಮಹೇಶ್ವರಿ ಮಿಸ್ ಅವರದು. ಮುಂದೆ ಓದಲು ಸೇರಿದವರು ಶಾಲೆಗೆ ವಾಪಸ್ ಬಂದು, ಬೇವಿನ ಮರಕ್ಕೆ ನೇತುಹಾಕಿರುವ ರೈಲು ಕಂಬಿಯ ತುಂಡಿಗೆ ಒಂದೇಟು ಹೊಡೆದು ಹೋಗಬೇಕು. ಅದೇ ನಮ್ಮ ಗಂಟೆ. ಹೊತ್ತಲ್ಲದ ಹೊತ್ತಿನಲ್ಲಿ ಢಣ್ ಎಂದರೆ ಸಾಕು, ಪಾಠ ಅರ್ಧಕ್ಕೇ ಬಿಟ್ಟು ಮಿಸ್ ಹೊರಗೆ ಓಡುತ್ತಾರೆ, ಹಿಂದೆ ಇಡೀ ತರಗತಿ.

"ಈ ಗಂಟೆ ಲೆಕ್ಕ ಇಲಾಖೆಗೆ ಬ್ಯಾಡ ಮೇಡಂ," ಎಂದು ನಾನು ರೇಗುತ್ತಿದ್ದೆ.

"ನಿಮ್ಮ ಲೆಕ್ಕದಾಗೆ ಸದ್ದೇ ಬರಲ್ವಲ್ರೀ ಗುರುಮೂರ್ತಿ ಸರ್," ಎಂದು ನಗುತ್ತಿದ್ದರು. ಅವರ ಬಾಯಿಗೆ ಎದುರಿಲ್ಲ.

ಈ ವರ್ಷ ಎಲ್ಲರೂ ಬಂದು ಹೊಡೆದು ಹೋದರು, ರುಕ್ಸಾನಾ ಮಾತ್ರ ಬರಲಿಲ್ಲ. ಕಂಪ್ಯೂಟರ್ ಕೂಡ ಅವಳು ಓದು ಬಿಟ್ಟಿದ್ದಾಳೆ ಎಂದೇ ತೋರಿಸಿತು. ಮನೆಯವರು ಹರಿಹರಕ್ಕೆ ಹೋಗಿದ್ದರು. ಹುಡುಗಿ ಅಲ್ಲಿ ಯಾವುದೋ ಶೆಡ್ಡಿನಲ್ಲಿ ಕಬ್ಬಿಣ ಉಜ್ಜುತ್ತಾಳಂತೆ, ಕೈಯೆಲ್ಲ ಕಪ್ಪಂತೆ ಎಂದು ಯಾರೋ ಹೇಳಿದರು. ಮಿಸ್ ಮುಖ ಸಪ್ಪಗಾಯಿತು. ಹೋದ ವರ್ಷ ಮನೆಯವರು ರುಕ್ಸಾನಾಳನ್ನು ಅರ್ಧಕ್ಕೇ ಬಿಡಿಸಲು ಹೊರಟಾಗ, ತಾಯಿ ರಹೀಮುನ್ನೀಸಾರ ಕೈ ಹಿಡಿದು ಮುಂದೆಯೂ ಓದಿಸುವ ಮಾತು ತೆಗೆದುಕೊಂಡವರು ಇವರೇ.

ಭಾನುವಾರ ನನ್ನನ್ನೂ ಎಳೆದುಕೊಂಡು ಹರಿಹರದ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಆ ತಾಯಿಗೆ ಏನೇನು ಹೇಳಬೇಕೆಂದು ಬೆರಳು ಮಡಿಚಿ ಎಣಿಸುತ್ತಿದ್ದರು.

"ಅಯ್ಯೋ, ಬರ್ರಿ ಮಿಸ್, ಕೂಡ್ರಿ," ಎಂದು ಬಾಗಿಲಲ್ಲಿ ನಮ್ಮನ್ನು ಕಂಡ ರಹೀಮುನ್ನೀಸಾ ಹೊಲಿಗೆ ಮಷಿನ್ ಬಿಟ್ಟೆದ್ದರು.

ಮಿಸ್ ಕೂರಲಿಲ್ಲ. "ಮಾತು ಕೊಟ್ಟು ಹಿಂಗ್ ಮಾಡಬಹುದಾ ರಹೀಮಮ್ಮ? ಆ ಮಗೂನ ಕೆಲಸಕ್ಕೆ ಹಚ್ಚೀರಲ್ಲ!" ಎಂದು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಪಾಪ, ಆ ತಾಯಿ ಬಾಯಿ ತೆರೆದಾಗಲೆಲ್ಲ ಇವರ ಮಾತೇ ಮುಂದೆ.

ಅಷ್ಟರಲ್ಲಿ ರುಕ್ಸಾನಾ ಒಳಗಿನಿಂದ ಬಂದಳು. ಕೈಯಲ್ಲಿ ಆಗಷ್ಟೇ ಇಸ್ತ್ರಿ ಮಾಡುತ್ತಿದ್ದ ನೀಲಿ ಸಮವಸ್ತ್ರ. ಜೇಬಿನ ಮೇಲೆ ಐಟಿಐ ಬ್ಯಾಡ್ಜು.

"ಫಿಟ್ಟರ್ ಮಿಸ್. ಮೊದಲು ಕಬ್ಬಿಣ ಉಜ್ಜೋದೇ ಕಲಿಸ್ತಾರೆ."

ಮಿಸ್ ಧಪ್ಪನೆ ಕೂತರು. ನನಗೆ ಆಗ ಹೊಳೆಯಿತು: ಐಟಿಐ ಬೇರೆ ಇಲಾಖೆಯದು, ನಮ್ಮ ಕಂಪ್ಯೂಟರಿಗೆ ಕಾಲೇಜು ಸೇರಿದವರಷ್ಟೇ ಕಾಣುತ್ತಾರೆ. ಅದನ್ನೇ ನಂಬಿ ಕೂತಿದ್ದೆ ನಾನು.

"ಮತ್ಯಾಕೆ ಬಂದು ಗಂಟೆ ಹೊಡೀಲಿಲ್ವೇ ತಾಯಿ?" ಎಂದರು ಮಿಸ್.

ರುಕ್ಸಾನಾ ತಲೆ ತಗ್ಗಿಸಿದಳು. "ಅದು ಕಾಲೇಜಿಗೆ ಹೋದೋರಿಗಲ್ವಾ ಮಿಸ್? ನಂದು ಬರೀ ಐಟಿಐ ಐತೆ."

ಮಿಸ್ ಕಣ್ಣು ತುಂಬಿ ಬಂತು. "ಬರೀ ಅಂದ್ರೆ ಏಟು ಬೀಳ್ತಾವೆ ನೋಡು! ನಾಳೆನೇ ಬಾ," ಎಂದು ಗದರಿದರು. ರಹೀಮುನ್ನೀಸಾ ನಕ್ಕು, "ಈಗಾದ್ರೂ ಚಹಾ ಕುಡೀತೀರಾ?" ಎಂದರು. ಮಿಸ್ ಆ ತಾಯಿಯ ಕೈ ಹಿಡಿದು ತಪ್ಪಾಯಿತು ಎಂದರು, ಎರಡು ಕಪ್ ಕುಡಿದರು.

ಮಾರನೆಯ ಬೆಳಿಗ್ಗೆ ನೀಲಿ ಸಮವಸ್ತ್ರದಲ್ಲೇ ಬಂದ ರುಕ್ಸಾನಾ ಕಂಬಿಗೆ ಹೊಡೆದಳು. ಒಂದೇಟಲ್ಲ, ಢಣ್ ಢಣ್ ಢಣ್ ಎಂದು ನಿಲ್ಲಿಸದೆ ಹೊಡೆದಳು. ಶಾಲೆ ಬಿಟ್ಟಿತೆಂದು ಮಕ್ಕಳೆಲ್ಲ ಚೀಲ ಹೊತ್ತು ಹೋ ಎಂದು ಗೇಟಿಗೆ ನುಗ್ಗಿದರು. ಹೆಡ್ ಮಾಸ್ಟರ್ ಹೊರಗೆ ಬಂದು ಕೂಗಾಡಿದರು, "ಯಾರ್ರೀ ಅದು? ನಿಲ್ಲಿಸ್ರಿ!"

"ಹೊಡೀಲಿ ಬಿಡ್ರಿ ಸರ್," ಎಂದೆ ನಾನು. "ಇಷ್ಟು ದಿನದ ಬಾಕಿ ಸೇರಿಸಿ ಹೊಡೀತಾ ಇದಾಳೆ."