ಹುಳುಮನೆಯ ಮುಂದೆ ನಿಲ್ಲಬಹುದಾದ ಸೈಲೆನ್ಸರ್

ಆ ಭಾನುವಾರ ಬೆಳಿಗ್ಗೆ ಮುಳಬಾಗಿಲಿನ ಮೆಕ್ಯಾನಿಕ್ ಶೆಡ್ಡಿನ ಮುಂದಿನ ಹುಣಸೆ ಮರದ ಕೆಳಗೆ ನಾವು ನಾಲ್ವರಿದ್ದೆವು. ಶೆಡ್ಡಿನ ಯಜಮಾನರಾದ ಭಾಯ್, ಮಾಲೂರು ಕಡೆಯಿಂದ ಬಂದಿದ್ದ ನನ್ನ ಸ್ನೇಹಿತ, ನಾನು, ಮತ್ತು ಎಲೆಯಡಿಕೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ನಮ್ಮಕ್ಕ. ಸ್ಪೋರ್ಟ್ಸ್ ಬೈಕಿಗೆ ಸೈಲೆನ್ಸರ್ ಆರಿಸುವ ಜಾಗಕ್ಕೆ ಅಕ್ಕನನ್ನು ಕರೆತಂದವನು ಕೋಲಾರ ಜಿಲ್ಲೆಯಲ್ಲೇ ನಾನೊಬ್ಬನಿರಬೇಕು.

"ಏನ್ಲಾ, ಹೆಣ್ಣು ನೋಡೋಕ್ ಬಂದಂಗೆ ಮನೆಯೋರ್ನ ಕರ್ಕೊಂಡ್ ಬಂದಿದೀಯಲ್ಲ" ಎಂದ ಸ್ನೇಹಿತ.

"ಹೆಣ್ಣಾದ್ರೆ ನೀವಿಬ್ರೇ ನೋಡ್ಬಹುದಿತ್ತು. ಇದು ನಮ್ಮನೆ ಮುಂದೆ ಬಂದ್ ನಿಲ್ಲೋದು ಕಣಪ್ಪ" ಎಂದಳು ಅಕ್ಕ.

ಅಕ್ಕನ ಮನೆ ಬೈರಕೂರಿನ ಹತ್ತಿರ. ಮನೆಗೆ ಅಂಟಿಕೊಂಡೇ ರೇಷ್ಮೆ ಹುಳು ಸಾಕುವ ಉದ್ದನೆಯ ಕೋಣೆ, ಅದರ ಕಿಟಕಿಯ ಕೆಳಗೇ ದಾರಿ. ಹುಳುಮನೆಯ ಕಟ್ಟುಪಾಡುಗಳನ್ನು ನೋಡಿದವರಿಗೇ ಗೊತ್ತು. ಹುಳು ಪೊರೆ ಬಿಡಲು ತಲೆಯೆತ್ತಿ ಅಲುಗದೆ ಕೂರುವುದನ್ನು ನಮ್ಮ ಕಡೆ ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ಆಗ ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಸುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಜೋರಾಗಿ ಸೀನುವುದಕ್ಕೂ ಬೀದಿಗೆ ಹೋಗಬೇಕು. ಗುಡುಗು ಬಂದರೆ ಅಕ್ಕನ ಅತ್ತೆ ಆಕಾಶವನ್ನೇ ಬೈಯುತ್ತಾರೆ. ಇಂಥ ಮನೆಗೆ ಪ್ರತಿ ಭಾನುವಾರ ಊಟಕ್ಕೆ ಹೋಗುವ ತಮ್ಮ, ನಲವತ್ತು ದಾಟಿದ ಮೇಲೆ, ಸೆಕೆಂಡ್ ಹ್ಯಾಂಡ್ ಆದರೂ ಕೆಂಪು ಬಣ್ಣದ ಸ್ಪೋರ್ಟ್ಸ್ ಬೈಕ್ ಕೊಂಡುಕೊಂಡ. ಶ್ರೀನಿವಾಸಪುರದಲ್ಲಿ ಹಗಲೆಲ್ಲ ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವವನಿಗೆ ಬೇರೆ ಯಾವ ಶೋಕಿ ಇದೆ? ಅದಕ್ಕೂ ಜನ ಆಡಿಕೊಂಡರು. ನಲವತ್ತಕ್ಕೆ ಮೀಸೆಗೆ ಬಣ್ಣ ಹಚ್ಚಿದರೆ ಯಾರೂ ಏನೂ ಅನ್ನುವುದಿಲ್ಲ, ಬೈಕ್ ಕೊಂಡರೆ ಮಾತ್ರ ಊರಿಗೆಲ್ಲ ನಾಲಿಗೆ ಬರುತ್ತದೆ.

ಕೊಂಡ ಆರು ತಿಂಗಳಿಗೆ ಅದರ ಸೈಲೆನ್ಸರ್ ತುಕ್ಕು ಹಿಡಿದು ತೂತಾಯಿತು. ಎರಡು ಸಲ ವೆಲ್ಡಿಂಗ್ ಮಾಡಿಸಿದೆ, ಮೂರನೆಯ ಸಲ ವೆಲ್ಡಿಂಗಿಗೆ ಹಿಡಿಯಲು ಕಬ್ಬಿಣವೇ ಉಳಿದಿರಲಿಲ್ಲ. ಶೋರೂಮಿನಲ್ಲಿ ಕೇಳಿದರೆ, ಆ ಮಾಡೆಲ್ ನಿಂತುಹೋಗಿದೆ, ಪೈಪು ಯಾವಾಗ ಬರುತ್ತದೋ ಹೇಳಲಾಗದು, ಹೊಸ ಗಾಡಿ ನೋಡಿ ಸರ್ ಎಂದು ಬಣ್ಣದ ಕಾಗದ ಕೈಗಿಟ್ಟರು. ಹಲ್ಲು ನೋವೆಂದು ಹೋದವನಿಗೆ ಹೊಸ ತಲೆ ತೋರಿಸಿದ ಹಾಗೆ. ಅಲ್ಲಿಂದ ಬರುವಾಗ ನನಗೆ ಬಂದಿದ್ದ ಸಿಟ್ಟಿನಲ್ಲಿ ಗಾಡಿ ಪೆಟ್ರೋಲಿಲ್ಲದೆ ಓಡಬಹುದಿತ್ತು.

ಅತ್ತ ಅಕ್ಕನ ಮನೆಗೆ ಹೊಸ ಬೆಳೆಯ ಹುಳು ಬರುವ ಕಾಲ. ಅವಳು ಫೋನಿನಲ್ಲಿ ಒಂದೇ ಮಾತು ಹೇಳಿದ್ದಳು: "ಹೊಸದು ಹಾಕ್ಸು, ಬೇಡ ಅನ್ನಲ್ಲ. ಆದ್ರೆ ನಾನ್ ಕೇಳಿ ಒಪ್ಪಿದ್ದೇ ಹಾಕ್ಸು. ಇಲ್ದಿದ್ರೆ ಗಾಡಿನ ಬೈರಕೂರಲ್ಲೇ ಬಿಟ್ಟು ನಡ್ಕೊಂಡ್ ಬಾ." ಅಮ್ಮ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅವಳು. ಅವಳ ಮಾತಿಗೆ ಎದುರಾಡುವುದು ನನಗೆ ಬರುವುದಿಲ್ಲ.

ಭಾಯ್ ಅವರ ಶೆಡ್ಡಿಗೇ ಹೋದದ್ದಕ್ಕೂ ಕಾರಣವಿತ್ತು. ಅವರಲ್ಲಿ ಒಂದು ಕ್ರಮವಿದೆ. ಸೈಲೆನ್ಸರ್ ಕೊಳ್ಳುವವನನ್ನು ಅವರು ಗಾಡಿಯ ಮೇಲೆ ಕೂರಿಸುವುದಿಲ್ಲ. ರಸ್ತೆಯಾಚೆ ನೀರಿನ ಟ್ಯಾಂಕಿನ ಹತ್ತಿರ ಬೆನ್ನು ತಿರುಗಿಸಿ ನಿಲ್ಲಿಸುತ್ತಾರೆ. ಇಲ್ಲಿ ಪೈಪು ಬದಲಾಯಿಸಿ ಬದಲಾಯಿಸಿ ತಾವೇ ಇಂಜಿನ್ ಹಚ್ಚುತ್ತಾರೆ.

"ಗಾಡಿ ಮೇಲೆ ಕೂತೋನಿಗೆ ಸೈಲೆನ್ಸರ್ ಕೇಳ್ಸಲ್ಲ ಸಾಮಿ, ಗಾಳಿ ಕೇಳ್ಸುತ್ತೆ. ಸೈಲೆನ್ಸರ್ ಕೇಳೋದು ಹಿಂದೆ ಉಳ್ಕೊಂಡೋರಿಗೆ. ಅವ್ರು ಆರಿಸ್ಬೇಕು" ಎಂದು ಅವರ ವಾದ. ಅಕ್ಕನನ್ನು ಕಂಡು ಅವರಿಗೆ ಬಹಳ ಖುಷಿಯಾಯಿತು. "ಇಷ್ಟ್ ವರ್ಷಕ್ಕೆ ಇವತ್ತು ಸರಿಯಾದ್ ಗಿರಾಕಿ ಬಂದ್ರು. ಆಯಿಯೇ ಅಕ್ಕಾ" ಎಂದು ಕುರ್ಚಿಯನ್ನು ತಾವೇ ಎತ್ತಿಕೊಂಡು ಹೋಗಿ ಟ್ಯಾಂಕಿನ ನೆರಳಿನಲ್ಲಿ ಹಾಕಿ ಬಂದರು.

ಮೊದಲನೆಯದು ನನ್ನ ಸ್ನೇಹಿತ ಬೆಂಗಳೂರಿನ ಯಾವುದೋ ಸಂದಿಯಿಂದ ತಂದಿದ್ದ ಮೊಂಡು ಪೈಪು. ಅವನು ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವವನು, ದಿನವಿಡೀ ಉಳಿಯ ಸದ್ದು ಕೇಳಿ ಕೇಳಿ ಕಿವಿ ಅರ್ಧ ಕಲ್ಲಾಗಿದೆ. "ಕಾರ್ಬನ್ ಫೈಬರ್ ಕಣೋ, ಒರಿಜಿನಲ್ಲು, ಹೊರದೇಶದ್ದು" ಎಂದು ಮಗುವಿನ ಹಾಗೆ ಬಟ್ಟೆಯಿಂದ ಬಿಚ್ಚಿ ತೋರಿಸಿದ. ಟ್ಯಾಂಕಿನ ಕಡೆ ಹೊರಟಿದ್ದ ಅಕ್ಕ ಅದನ್ನು ಕೈಗೆ ತೆಗೆದುಕೊಂಡು, ರೇಷ್ಮೆ ಗೂಡು ಗಟ್ಟಿಯಾಗಿದೆಯೋ ಎಂದು ಒತ್ತಿ ನೋಡುವಂತೆ ಒತ್ತಿದಳು. ಆಮೇಲೆ ಹೆಬ್ಬೆರಳಿನ ಉಗುರಿನಿಂದ ಅಂಚನ್ನು ಕೆರೆದಳು. ಕಾರ್ಬನ್ ಎಂಬುದು ಈರುಳ್ಳಿ ಸಿಪ್ಪೆಯ ಹಾಗೆ ಸುಲಿದು ಬಂತು. ಒಳಗೆ ತಗಡು.

"ಇದೇನಪ್ಪ, ಹೊರದೇಶದೋರು ಸ್ಟಿಕ್ಕರ್ ಅಂಟಿಸ್ತಾರಾ?" ಎಂದಳು.

ಸ್ನೇಹಿತ ಪೈಪನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದ. ನನಗೆ ಮೈ ಉರಿಯಿತು. ಕಲ್ಲಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ತಟ್ಟಿ ನೋಡಿ ಬೇಡವೆನ್ನುವ ಕೈ ಅವನದು. ಅಂಥವನಿಗೇ ತಗಡಿಗೆ ಸ್ಟಿಕ್ಕರ್ ಅಂಟಿಸಿ ಮಾರಿದ್ದಾರಲ್ಲ, ಅವರ ಧೈರ್ಯಕ್ಕೆ ಏನೆನ್ನಬೇಕು?

ಎರಡನೆಯದು ಅವನ ಗಾಡಿಯಲ್ಲೇ ಇದ್ದದ್ದು. ಅದನ್ನೇ ಬಿಚ್ಚಿ ನನ್ನದಕ್ಕೆ ಹಾಕಿ ಹಚ್ಚಿದರು. ಹುಣಸೆ ಮರದ ಕಾಗೆಗಳೆಲ್ಲ ಎದ್ದವು. ಟ್ಯಾಂಕಿನ ಹತ್ತಿರ ಅಕ್ಕ ಎರಡೂ ಕೈ ಎತ್ತಿ ಆಡಿಸಿದಳು. ವಾಪಸ್ಸು ಬಂದು, "ಇದು ನನ್ ಹೊಟ್ಟೆ ಒಳಗೇ ಓಡ್ತಿದೆ ಕಣೋ" ಎಂದಳು. ಕೋಲಾರದಲ್ಲಿ ಪೊಲೀಸರು ಇಂಥವನ್ನು ಕಿತ್ತು, ರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹರಿಸಿದ್ದನ್ನು ನಾನು ಕಂಡಿದ್ದೆ. ಹಾಗಾಗಿ ನನಗೂ ಅದು ಬೇಕಿರಲಿಲ್ಲ.

ಮೂರನೆಯದನ್ನು ಭಾಯ್ ಶೆಡ್ಡಿನ ಅಟ್ಟದಿಂದ ಇಳಿಸಿದರು. ಉದ್ದನೆಯ ಸ್ಟೀಲ್ ಪೈಪು, ಮೈಮೇಲೆ ಒಂದು ಗೀರು. ಬಾಯಿಯೊಳಗೆ ಹೆಬ್ಬೆರಳು ಗಾತ್ರದ ಇನ್ನೊಂದು ಕೊಳವೆ ಒಂದೇ ಸ್ಕ್ರೂ ಮೇಲೆ ನಿಂತಿತ್ತು. ಸದ್ದು ಇಳಿಸುವುದು ಅದೇ. ಡಿಬಿ ಕಿಲ್ಲರ್ ಅನ್ನುತ್ತಾರೆ. ಭಾಯ್ ಹಚ್ಚಿ, ನಿಧಾನಕ್ಕೆ ಏರಿಸಿ, ಇಳಿಸಿದರು. ಅಕ್ಕ ಕೂತೇ ಇದ್ದಳು. ಇನ್ನೊಂದು ಸಲ ಏರಿಸಿದರು. ಅವಳು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಬೀಸೋ ಕಲ್ಲಿನ ಹಂಗಿದೆ. ಇದಾಗ್ಲಿ" ಎಂದಳು ಬಂದು.

"ಬೀಸೋ ಕಲ್ಲು ಬೇಕಂದ್ರೆ ನಾನೇ ಕೆತ್ತಿ ಕೊಡ್ತಿದ್ನಲ್ಲಕ್ಕಾ" ಎಂದ ಸ್ನೇಹಿತ. ನನ್ನ ಕಡೆ ತಿರುಗಿ, "ಸದ್ದಿಲ್ದಿರೋ ಗಾಡಿ ಅಂದ್ರೆ ಕಣ್ಣು ತೆರೆಸ್ದೆ ಬಿಟ್ಟ ವಿಗ್ರಹ ಕಣ್ಲಾ. ಊರು ದಾಟಿದ್ಮೇಲೆ ಆ ಸ್ಕ್ರೂ ಬಿಚ್ಚು, ಕೊಳವೆ ಜೇಬಿಗೆ ಹಾಕ್ಕೋ. ಯಾರ್ಗ್ ಗೊತ್ತಾಗುತ್ತೆ?" ಎಂದ.

ಅಕ್ಕ ಕೇಳಿಸಿಕೊಂಡಳು. "ಭಾಯ್, ಆ ಸ್ಕ್ರೂ ತಲೆ ಮೇಲೆ ಒಂದ್ ಬೊಟ್ಟು ಇಟ್ಬಿಡಿ" ಎಂದಳು. ಭಾಯ್ ನಗುತ್ತ ವೆಲ್ಡಿಂಗ್ ಕಡ್ಡಿ ತಂದು ಸ್ಕ್ರೂವಿನ ಮೇಲೆ ಕುಂಕುಮದ ಬೊಟ್ಟಿನಷ್ಟು ಲೋಹ ಕೂರಿಸಿದರು. ಇನ್ನು ಅದು ಸ್ಪ್ಯಾನರಿಗೂ ಬಗ್ಗುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಯಾವ ಸೈಲೆನ್ಸರನ್ನು ಇಷ್ಟು ಮರ್ಯಾದೆಯಿಂದ ಆರಿಸಿದೆವೋ ಅದರ ಮೇಲೇ ಮೂರು ವಾರಕ್ಕೆ ಆರೋಪ ಬಂತು.

ಹುಳು ನಾಲ್ಕನೇ ಜ್ವರ ಎದ್ದು ಮೇಯುವ ಕಾಲ. ಆಗ ಹುಳುಮನೆಯೊಳಗೆ ನಿಂತರೆ ಒಣಗಿದ ಎಲೆಗಳ ಮೇಲೆ ತುಂತುರು ಬಿದ್ದಂತೆ ಸದ್ದು ಕೇಳುತ್ತದೆ. ನಾನು ಹೋದ ಭಾನುವಾರ ಒಳಗಿನಿಂದ ಯಾವ ಸದ್ದೂ ಬರಲಿಲ್ಲ. ಕೆಳಗಿನ ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿ ಒದ್ದಾಡುತ್ತ ಹಸಿರು ರಸ ಕಕ್ಕುತ್ತಿದ್ದವು. ಅವಕ್ಕೆ ಹಾಕಿದ್ದು ಬೇಲಿ ಸಾಲಿನ ಎಲೆ. ಹಿಪ್ಪುನೇರಳೆ ಹೊಲದ ನಡುವಿನ ಎಲೆ ತಿಂದ ಮೇಲಿನ ಸಾಲು ಮಾತ್ರ ಗಟ್ಟಿಯಾಗಿತ್ತು. ಅಕ್ಕ ಸತ್ತವನ್ನು ಆರಿಸಿ ಬುಟ್ಟಿಗೆ ಹಾಕುತ್ತಿದ್ದಳು. ನನ್ನನ್ನು ನೋಡಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

ಮೊದಲು ಮಾತಾಡಿದವರು ಅವಳ ಅತ್ತೆ. "ಏಮಯ್ಯಾ, ಬಂದ್ಯಾ? ಹೋದ್ ವಾರ ನಿನ್ ಗಾಡಿ ಬಂದೋಯ್ತು, ನೋಡು, ಹುಳು ಬೆಚ್ಚಿ ಮೇವು ಬಿಡ್ತು."

"ಅತ್ತೆ, ಬೆಚ್ಚಿದ ಹುಳು ವಾಂತಿ ಮಾಡುತ್ತಾ? ಎಲೆ ಮೇಲೆ ಏನೋ ಬಿದ್ದಿದೆ" ಎಂದೆ.

"ನಂಗೆ ಹುಳು ಹೇಳ್ಕೊಡ್ತೀಯ? ನೀನ್ ಹುಟ್ಟೋಕ್ ಮುಂಚಿಂದ ಸಾಕಿದೀನಿ."

ಭಾವ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದರು. ಅವರು ನ್ಯಾಯ ಹೇಳುತ್ತಾರೆಂದು ಅವರ ಕಡೆ ನೋಡಿದೆ. ಅವರೋ, "ದಾರೀಲಿ ಆ ಕೊಳವೆ ಬಿಚ್ಕೊಂಡ್ ಬರ್ತೀಯೇನೋ, ಯಾರಿಗ್ ಗೊತ್ತು ಬಾಮೈದ" ಎಂದರು.

ನಾನು ಪೈಪಿನ ಬಾಯಿಯ ಹತ್ತಿರ ಅವರನ್ನು ಬಗ್ಗಿಸಿ ಭಾಯ್ ಇಟ್ಟ ಬೊಟ್ಟು ತೋರಿಸಿದೆ. ನೋಡಿದರು. ನೋಡಿ, ಹೂಂ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಬರೆ ಬಿದ್ದ ಎಮ್ಮೆಗೆ ಹೇಗಿರುತ್ತದೆಂದು ಅಂದು ಗೊತ್ತಾಯಿತು. ಮಾರನೆಯ ದಿನ ಅತ್ತೆ ಹಳೆಯ ಒರಳುಕಲ್ಲನ್ನು ಉರುಳಿಸಿ ಗೇಟಿನ ಬಾಯಿಗೆ ಹಾಕಿಸಿದರು. ಮನುಷ್ಯರು, ಹಸು ದಾಟಬಹುದು, ಗಾಡಿ ದಾಟುವಂತಿಲ್ಲ.

ಬುಧವಾರ ಅಂಗಡಿ ಮುಚ್ಚಿ ಮತ್ತೆ ಹೋದೆ. ಸುಮ್ಮನಿರಲು ಆಗಲಿಲ್ಲ. ಈ ಅಪವಾದ ನನ್ನ ಮೇಲೆ ಉಳಿದರೆ ಅಕ್ಕನ ಮನೆಯ ಪ್ರತಿ ಬೆಳೆಯ ಸೋಲಿಗೂ ನಾನೇ ಕಾರಣನಾಗುತ್ತೇನೆ, ಎಲೆಯ ವಿಷ ಎಲೆಯಲ್ಲೇ ಉಳಿದು ಮುಂದಿನ ಬೆಳೆಯನ್ನೂ ತಿನ್ನುತ್ತದೆ. "ಅಕ್ಕಾ, ಉಳಿದ ಹುಳದಲ್ಲಿ ಇಪ್ಪತ್ತಿಪ್ಪತ್ತು ಎರಡು ತಟ್ಟೆಗೆ ಹಾಕ್ಕೊಡು. ಒಂದಕ್ಕೆ ಬೇಲಿ ಸಾಲಿನ ಎಲೆ ಹಾಕಿ ಹಿತ್ತಲ ಕೋಣೇಲಿಡು, ಗಾಡಿ ಸದ್ದು ಬರ್ದಿರೋ ಕಡೆ. ಇನ್ನೊಂದಕ್ಕೆ ಹೊಲದ ನಡುವಿನ ಎಲೆ ಹಾಕಿ ಗೇಟಿನ ಹತ್ರ ಇಡು, ನಾನು ಪಕ್ಕದಲ್ಲೇ ಇಂಜಿನ್ ಹಚ್ತೀನಿ" ಎಂದೆ.

ಹೊಸ ಸಾಲಿನ ಎಲೆಯನ್ನು ಹತ್ತು ಹುಳಕ್ಕೆ ಹಾಕಿ ನೋಡಿ ಆಮೇಲೆ ಮಿಕ್ಕವಕ್ಕೆ ಹಾಕುವುದು ಆ ಮನೆಯ ಹಳೆಯ ಪದ್ಧತಿಯೇ. ಈ ಸಲ ಎಲ್ಲರ ಕಿವಿ ದಾರಿಯ ಮೇಲಿತ್ತು, ಎಲೆ ನೋಡುವುದನ್ನೇ ಮರೆತಿದ್ದರು.

ಅಕ್ಕ ಎರಡು ತಟ್ಟೆ ತಂದಳು. ಒಂದನ್ನು ಹಿತ್ತಲ ಕೋಣೆಗೆ ಒಯ್ದಳು, ಇನ್ನೊಂದನ್ನು ಗೇಟಿನ ಹತ್ತಿರ ಹೊಗೆ ತಾಕದಂತೆ ಗಾಳಿ ಬರುವ ಕಡೆಗೆ ಇಟ್ಟೆವು. ಒರಳುಕಲ್ಲಿನಾಚೆ ಗಾಡಿ ನಿಲ್ಲಿಸಿ ಹಚ್ಚಿದೆ, ಬಿಸಿಯಾದಾಗ ಆರಿಸಿದೆ, ಮತ್ತೆ ಹಚ್ಚಿದೆ. ಅತ್ತೆ ಬಾಗಿಲಲ್ಲಿ ಕೂತು ಕಾದರು. ಮಧ್ಯಾಹ್ನದ ಹೊತ್ತಿಗೆ ಗಾಡಿಯ ಪಕ್ಕದ ತಟ್ಟೆಯಲ್ಲಿ ಎಲೆಯ ನರ ಮಾತ್ರ ಉಳಿದಿತ್ತು, ಹುಳುಗಳು ಇನ್ನೂ ಬೇಕೆಂದು ಅಂಚಿಗೆ ಬಂದಿದ್ದವು. ಹಿತ್ತಲಿನ ತಟ್ಟೆಯನ್ನು ಅಕ್ಕ ತಂದು ಜಗಲಿಯ ಮೇಲಿಟ್ಟಳು. ಅದೇ ಹಸಿರು ರಸ, ಅದೇ ಒದ್ದಾಟ.

ಭಾವ ತಾವಾಗಿಯೇ, "ನಾನು ಹೊಡೆದಾಗ ಗಾಳಿ ಇರ್ಲಿಲ್ಲ" ಎಂದರು.

ಬೇಲಿಯಾಚೆ ಅವರದೇ ಟೊಮೆಟೊ ತೋಟ. ಎಲೆಮುರುಟು ಬಂದಿದೆಯೆಂದು ಔಷಧಿ ಹೊಡೆದಿದ್ದಾರೆ, ಅದು ಹಿಪ್ಪುನೇರಳೆಯ ಮೇಲೆ ಹಾರಿದೆ. ಅದನ್ನು ನಾನು ಕ್ಷಮಿಸಬಲ್ಲೆ, ಯಾರ ಕೈಯಿಂದಲೂ ತಪ್ಪಾಗುತ್ತದೆ. ಆದರೆ ಇಷ್ಟು ದಿನ ಆ ಮನುಷ್ಯ ಕಂಬಕ್ಕೆ ಒರಗಿ ನಿಂತು, ತಾಯಿ ನನ್ನನ್ನು ಬೈಯುವುದನ್ನು ಕೇಳುತ್ತ, ಹೆಂಡತಿ ಸತ್ತ ಹುಳ ಆರಿಸುವುದನ್ನು ನೋಡುತ್ತ ಇದ್ದರಲ್ಲ. ಕೊಳವೆ ಬಿಚ್ಚಿಕೊಂಡು ಬರುತ್ತೀಯೇನೋ ಎಂದು ನನ್ನನ್ನೇ ಕೇಳಿದರಲ್ಲ. ಬರೆಯುವಾಗ ಈಗಲೂ ನನ್ನ ಕೈ ಬಿಸಿಯಾಗುತ್ತದೆ.

ಅಕ್ಕ ಗಂಡನ ಮುಖವನ್ನು ಒಂದು ಸಲ ನೋಡಿದಳು. "ಮೊದ್ಲೇ ಹೇಳ್ಬಹುದಿತ್ತು" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

"ಅತ್ತೆ, ಇನ್ನು ಕಲ್ಲು ತೆಗೆಸ್ತೀರಾ?" ಎಂದೆ.

"ಎಲೆ ಎಲೆನೇ, ಸದ್ದು ಸದ್ದೇ. ಇರ್ಲಿ" ಎಂದರು ಅವರು. ನಾನು ಊಟ ಮಾಡದೆ ಹೊರಟೆ. ಅಕ್ಕನ ಮನೆಯಿಂದ ಉಣ್ಣದೆ ಬಂದದ್ದು ಅದೇ ಮೊದಲು.

ಒಂದೂವರೆ ತಿಂಗಳು ಆ ಕಡೆ ಹೋಗಲಿಲ್ಲ. ಒಂದು ಬೆಳಿಗ್ಗೆ ಭಾವನ ಫೋನ್ ಬಂತು. ಹೊಸ ಬೆಳೆ ಜ್ವರದಿಂದ ಎದ್ದಿದೆ, ಹುಳದ ಮೇಲೆ ಉದುರಿಸುವ ಸುಣ್ಣದ ಪುಡಿ ಮುಗಿದಿದೆ, ಮುಳಬಾಗಿಲಿನಲ್ಲಿ ಸಿಗುತ್ತಿಲ್ಲ, ಶ್ರೀನಿವಾಸಪುರದಿಂದ ತರಬಹುದಾ ಎಂದರು. ಬಸ್ಸಿಗೆ ಕೊಟ್ಟು ಕಳಿಸುತ್ತೇನೆ ಎಂದೆ. "ಬಸ್ ಬೇಡ, ನಿನ್ ಗಾಡೀಲೇ ಬಾ" ಎಂದರು.

ಚೀಲವನ್ನು ಹಿಂದಿನ ಸೀಟಿಗೆ ಕಟ್ಟಿಕೊಂಡು ಹೋದೆ. ದಾರಿಯಲ್ಲಿ ನೋಡಿದರೆ ಬೇಲಿ ಬದಿಯ ಐದು ಸಾಲು ಟೊಮೆಟೊ ಕಿತ್ತು ಹಾಕಿದ್ದರು, ಅಲ್ಲಿ ಔಷಧಿ ಹಾರದಂತೆ ಅಡ್ಡಕ್ಕೆ ಬಿತ್ತಿದ್ದ ಜೋಳ ಮೊಳಕೆಯೊಡೆದಿತ್ತು. ಗೇಟಿನ ಹತ್ತಿರ ನಿಲ್ಲಿಸಿ ಇಂಜಿನ್ ಆರಿಸಲು ಕೈ ಹಾಕಿದೆ. ಭಾವ ಬಂದು, ಬಗ್ಗಿ, ಒರಳುಕಲ್ಲನ್ನು ಉರುಳಿಸಿ ಗೋಡೆಗೆ ಸೇರಿಸಿದರು.

"ಒಳಗ್ ತಂದು ಆರ್ಸು" ಎಂದರು.

ಹುಳುಮನೆಯ ಕಿಟಕಿಯ ಕೆಳಗೆ ತಂದು ಆರಿಸಿದೆ. ಅಕ್ಕ ಒಳಗಿನಿಂದ ಬಂದು ಚೀಲ ಬಿಚ್ಚಿಕೊಂಡಳು.