ರಾಚಪ್ಪ ದೀಪ ಕೇಳಿದ ದಿನ

ಗಲಗಲಿಯ ಮೆಕ್ಯಾನಿಕ್ ರಾಚಪ್ಪನ ಹೆಸರನ್ನು ನಾನು ಮೊದಲು ಕೇಳಿದ ದಿನ, ನಮ್ಮ ಕುರಿಗಳು ಹಸಿ ಮೇವು ಹೆಚ್ಚಾಗಿ ತಿಂದು ಹೊಟ್ಟೆ ಉಬ್ಬಿ ಬಿದ್ದಿದ್ದವು. ಬೀಳಗಿಯಿಂದ ಔಷಧ ತರಬೇಕಿತ್ತು. ಮೈದುನ ಮುತ್ತಣ್ಣನ ಹಳೆಯ ಮೋಟರ್‌ಸೈಕಲ್ ಎಷ್ಟು ಒದ್ದರೂ ಚಾಲೂ ಆಗಲಿಲ್ಲ. ಯಾರೋ ರಾಚಪ್ಪನ ಹೆಸರು ಹೇಳಿದರು, ಕರೆಸಿದೆವು.

ಅವನು ಗಾಡಿಯ ಪಕ್ಕ ಕುಳಿತು ಒಂದೊಂದೇ ವೈರನ್ನು ಬೆರಳಿನಿಂದ ತಡವತೊಡಗಿದ. ಅಷ್ಟರಲ್ಲಿ ಎರಡು ಕುರಿ ಸತ್ತವು.

"ಲೇ, ಗಾಡಿ ರಿಪೇರಿ ಮಾಡಾಕತ್ತಿಯೋ, ನಾಡಿ ನೋಡಾಕತ್ತಿಯೋ?" ಎಂದು ಮುತ್ತಣ್ಣ ಸಿಡಿದ. "ಮೊನ್ನೆ ಹೊಸಾ ಬ್ಯಾಟರಿ ಹಾಕ್ಸೇನಿ!"

"ಹಂಗಾರ ತಪ್ಪು ಬ್ಯಾಟರಿದಲ್ಲ."

ಬ್ಯಾಟರಿಯ ಅರ್ಥ್ ವೈರು ಗಾಡಿಯ ಚೌಕಟ್ಟಿಗೆ ಸೇರುವ ಬೋಲ್ಟು ತುಕ್ಕು ಹಿಡಿದಿತ್ತು. ಉಜ್ಜಿ ಬಿಗಿದ. ಒಂದೇ ಒದೆತಕ್ಕೆ ಗಾಡಿ ಚಾಲೂ ಆಯಿತು.

ಮುತ್ತಣ್ಣ ಹೊರಟೇಬಿಡುವವನಿದ್ದ. ರಾಚಪ್ಪ ಎದುರು ನಿಂತು ಹ್ಯಾಂಡಲ್ ಹಿಡಿದ.

"ನಿಲ್ಲಪಾ. ಬ್ಯಾಟರಿ ಚಾರ್ಜ್ ಆಗದಿದ್ರ ನಡುದಾರಿಯೊಳಗ ನಿಂತೀತು. ದೀಪ ಹಚ್ಚಿ ರೇಸ್ ಮಾಡು, ಚಾರ್ಜ್ ಆಗಾಕತ್ತಿದ್ರ ದೀಪ ಜೋರಾಗತೈತಿ." ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾರ, ದೀಪ ಜೋರಾತೇನ್ರಿ?" ಎಂದ.

"ಆತೋ ತಮ್ಮಾ!"

ಆಗ ಹ್ಯಾಂಡಲ್ ಬಿಟ್ಟ. ಔಷಧ ಬಂದು ಉಳಿದ ಕುರಿಗಳು ಎದ್ದು ನಿಲ್ಲುವವರೆಗೂ ಅವನು ಹಟ್ಟಿ ಬಿಟ್ಟು ಹೋಗಲಿಲ್ಲ.

"ದೀಪ ನಿನ್ನ ಮುಂದ ಇತ್ತಲ್ಲೋ," ಎಂದೆ, ಇಬ್ಬರೇ ಇದ್ದಾಗ.

ಅವನು ಬಹಳ ಹೊತ್ತು ಕೈ ಒರೆಸಿಕೊಂಡ. ಅವನು ತೀರಿಕೊಂಡು ವರ್ಷವಾಯಿತು, ಆದ್ದರಿಂದ ಈಗ ಬರೆಯುತ್ತಿದ್ದೇನೆ. ಅಂದು ಅವನು ನನ್ನನ್ನು ಬೇಡಿದ್ದು ಇದೊಂದೇ, ಮುಂದೆಂದೂ ಬೇರೇನೂ ಕೇಳಲಿಲ್ಲ.

"ಕಣ್ಣು ಹ್ವಾದುವ್ರೀ ಅಕ್ಕಾರ. ಗೊತ್ತಾದ್ರ ಯಾರೂ ಗಾಡಿ ತರೂದಿಲ್ಲ. ನಾ ಇರೂತನಕ ಯಾರ ಮುಂದೂ ಹೇಳಬ್ಯಾಡ್ರಿ."